ಎರಡನೆಯ ಗಂಟಲೆಲುಬು

“ಅಜ್ಜಿ ಜೊತೆ ಇನ್ನೊಬ್ಬನನ್ನೂ ಸುಟ್ಟಿದೀವಿ, ಅಮ್ಮ. ಶವದ ಪೆಟ್ಟಿಗೆ ಒಳಗೆ ಇಟ್ಟೋಳು ನಾನೇ.”

ಫುಮಿಕಾ ಪಿಸುಗುಟ್ಟಿದ್ದು ಚಿತಾಗಾರದ ಆ ಸಣ್ಣ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಮಿಸಾವೊಳ ಕೈಯಲ್ಲಿದ್ದ ಬಿದಿರುಕಡ್ಡಿಗಳು ಗಾಳಿಯಲ್ಲೇ ನಿಂತವು. ಮುಂದಿನ ಕಬ್ಬಿಣದ ತಟ್ಟೆಯಲ್ಲಿ ಅವಳ ತಾಯಿ ತೊಕಿಯೆ ಬರೀ ಬಿಳಿ ಮೂಳೆಗಳಾಗಿ ಮಲಗಿದ್ದಳು. ಕಾಲಿನಿಂದ ಶುರುಮಾಡಿ ಒಂದೊಂದೇ ಮೂಳೆಯನ್ನು ಇಬ್ಬಿಬ್ಬರು ಎರಡು ಕಡೆಯಿಂದ ಕಡ್ಡಿಯಲ್ಲಿ ಹಿಡಿದು ಎತ್ತಿ ಮಡಕೆಗೆ ಹಾಕಿದ್ದರು. ಕೊನೆಗೆ ಉಳಿದದ್ದು ಗಂಟಲೆಲುಬು: ಕೈಮುಗಿದು ಕೂತ ಬುದ್ಧನ ಹಾಗಿರುವ ಪುಟ್ಟ ಮೂಳೆ. ಅದು ಒಬ್ಬರಿಗೆ ಒಂದೇ ಇರುತ್ತದೆ. ಬಿಳಿ ಕೈಗವಸಿನ ನೌಕರ ಈಗಷ್ಟೇ ಎರಡು ತೆಗೆದಿಟ್ಟಿದ್ದ.

“ಯಾರೇ ಅವ್ನು?” ಎಂದ ಮಿಸಾವೊಳ ಚಿಕ್ಕಪ್ಪ ಗೆಂಜೊ.

“ದಿಣ್ಣೆಯವನು. ಸೈನಿಕ. ಅಜ್ಜಿ ಆಸ್ಪತ್ರೆಲಿ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ರು.”

“ಮ್ಯೂಸಿಯಂ ಬಾಗಿಲಲ್ಲಿ ಕೂತು ಅತ್ತಿಗೆ ಟಿಕೆಟ್ ಇಲ್ದೆ ನನ್ನನ್ನೂ ಒಳಗೆ ಬಿಟ್ಟವರಲ್ಲ, ಇವನ್ನ ಹೇಗೆ ಬಿಟ್ಕೊಂಡ್ರು?” ಎಂದ ಗೆಂಜೊ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

*

ಮೂವತ್ತೈದು ವರ್ಷದ ಹಿಂದೆ, ಕುರಾಸೆ ದಿಣ್ಣೆಯ ಕಿತ್ತಳೆ ತೋಟದಲ್ಲಿ ಒಣಗಿದ ಗಿಡವೊಂದರ ಬೇರು ಕೀಳುವಾಗ ಆ ಮೂಳೆ ತೊಕಿಯೆಯ ಗುದ್ದಲಿಗೆ ಸಿಕ್ಕಿತ್ತು. ಮೇಜಿ ದೊರೆಯ ಆಳ್ವಿಕೆಯ ಹತ್ತನೇ ವರ್ಷ, ಅಂದರೆ 1877ರ ಯುದ್ಧದಲ್ಲಿ ಸರ್ಕಾರಿ ಪಡೆಯೂ ಬಂಡೆದ್ದ ಸತ್ಸುಮಾ ಪಡೆಯೂ ಇದೇ ಇಳಿಜಾರಿನಲ್ಲಿ ಒಂದನ್ನೊಂದು ಕಡಿದು ಹಾಕಿದ್ದವು. ಸರ್ಕಾರದವರ ಸ್ಮಶಾನ ದಿಣ್ಣೆಯ ಪೂರ್ವಕ್ಕೆ, ಸತ್ಸುಮಾದವರದ್ದು ಪಶ್ಚಿಮಕ್ಕೆ. ಮೂಳೆಯ ಜೊತೆ ಅಂಗಿಯ ಒಂದು ಗುಂಡಿಯಾಗಲಿ, ಬಟ್ಟೆಯ ಚೂರಾಗಲಿ ಇರಲಿಲ್ಲ. ಎತ್ತ ಒಯ್ಯಬೇಕೆಂದು ತಿಳಿಯದೆ ಅವಳು ಅದನ್ನು ಚಹಾ ಡಬ್ಬಿಯಲ್ಲಿಟ್ಟು ದೇವರಪೆಟ್ಟಿಗೆಯ ಹಿಂದೆ ಇರಿಸಿದಳು.

ಮರುತಿಂಗಳೇ ಯುದ್ಧದ ಮ್ಯೂಸಿಯಂನಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿದಳು. ಬಸ್ಸಿನಲ್ಲಿ ಬಂದವರು ತುಕ್ಕುಹಿಡಿದ ಬಂದೂಕು ನೋಡಿ, ಸ್ಮಾರಕದ ಮುಂದೆ ಫೋಟೊ ತೆಗೆಸಿಕೊಂಡು ಹೊರಡುವಾಗ ಪ್ರತಿಯೊಬ್ಬರನ್ನೂ ಕೇಳುತ್ತಿದ್ದಳು:

“ನಿಮ್ಮನೆ ಕಡೆಯವರು ಯಾರಾದ್ರೂ ಇಲ್ಲಿಂದ ವಾಪಸ್ ಬರಲೇ ಇಲ್ಲ ಅಂತ ಇದ್ಯಾ? ಚಿಕ್ಕ ವಯಸ್ಸಿನವರು?”

“ಚಿಕ್ಕವನು ಅಂತ ನಿಂಗೆ ಹೇಗೆ ಗೊತ್ತು?” ಎಂದು ಮಿಸಾವೊ ಒಮ್ಮೆ ಕೇಳಿದ್ದಳು. ಡಬ್ಬಿಯ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

“ಮನೇಲಿ ಓಡಾಡೋ ಸದ್ದಲ್ಲೇ ಗೊತ್ತಾಗಲ್ವಾ,” ಎಂದು ತೊಕಿಯೆ ಮೂಲಂಗಿ ಹೆಚ್ಚುವುದನ್ನು ಮುಂದುವರಿಸಿದ್ದಳು.

*

“ಆ ಇನ್ನೊಂದು ಮೂಳೆನ ಮ್ಯೂಸಿಯಂಗೆ ಕೊಟ್ಬಿಡು,” ಎಂದ ಗೆಂಜೊ. “ಗಾಜಿನೊಳಗೆ ಇಟ್ಕೋತಾರೆ. ನಮ್ಮ ಮನೆತನದ ಸಮಾಧಿಗಂತೂ ಬೇಡ. ನಮ್ಮ ಮುತ್ತಜ್ಜನ್ನ ಆ ದಿಣ್ಣೆ ಮೇಲೇ ಕಡಿದು ಹಾಕಿದ್ರು. ಕಡಿದವನು ಇವನೇ ಆಗಿದ್ರೆ? ತಗೊಂಡೋಗಿ ಅವರ ಪಕ್ಕದಲ್ಲೇ ಮಲಗಿಸ್ತೀಯಾ?”

“ಸರಿ ಚಿಕ್ಕಪ್ಪ. ಇದರಲ್ಲಿ ಅಮ್ಮನದ್ದು ಯಾವ್ದು?” ಎಂದಳು ಮಿಸಾವೊ.

ಗೆಂಜೊ ನೌಕರನ ಮುಖ ನೋಡಿದ. ನೌಕರ ತಲೆಬಾಗಿಸಿದ.

“ಕ್ಷಮಿಸಿ. ಬೆಂಕಿಗೆ ಹೋದ್ಮೇಲೆ ಎರಡೂ ಒಂದೇ ಥರ. ನನಗಂತೂ ಹೇಳೋಕೆ ಆಗಲ್ಲ.”

“ಹಾಗಾದ್ರೆ ಅಮ್ಮನ್ನೇ ಗಾಜಿನೊಳಗೆ ಇಟ್ಟುಬಿಟ್ರೆ?” ಎಂದಳು ಮಿಸಾವೊ. “ಬಸ್ಸಲ್ಲಿ ಬಂದೋರೆಲ್ಲ ಬಗ್ಗಿ ಬಗ್ಗಿ ನೋಡ್ಲಾ?”

“ತಪ್ಪಾಯ್ತು ಅಮ್ಮ,” ಎಂದು ಫುಮಿಕಾ ಅತ್ತಳು. “ಅವನೊಬ್ಬನೇ ಆಗ್ಬಿಡ್ತಾನೆ ಅಂತ ಅಜ್ಜಿ…”

“ಅಳ್ಬೇಡ. ಕಡ್ಡಿ ಹಿಡ್ಕೋ.”

ಮೊದಲ ಗಂಟಲೆಲುಬನ್ನು ತಾಯಿ ಮಗಳು ಎತ್ತಿ ಮಡಕೆಗೆ ಇಳಿಸಿದರು. ಎರಡನೆಯದಕ್ಕೆ ಬಂದಾಗ ಫುಮಿಕಾಳ ಕಡ್ಡಿಗಳು ಜಾರಿ ನೆಲಕ್ಕೆ ಬಿದ್ದವು. ಮಿಸಾವೊ ಚಿಕ್ಕಪ್ಪನ ಕಡೆ ನೋಡಿದಳು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

“ಒಬ್ಬಳೇ ಎತ್ತಬಾರ್ದು ಕಣೇ, ಮಿಸಾವೊ.”

“ಹಾಗಾದ್ರೆ ನೀವು ಬನ್ನಿ.”

ಅವನು ಬರಲಿಲ್ಲ. ಮಿಸಾವೊ ಮೂಳೆಯ ಒಂದು ಅಂಚನ್ನು ಮಾತ್ರ ಹಿಡಿದಳು. ಅದು ಜಾರಿ ತಿರುಗಬೇಕಿತ್ತು. ಆಚೆ ಬದಿಯಲ್ಲಿ ಬಿದಿರು ತಾಕಿದಂತೆ ಟಕ್ ಎಂದು ಸಣ್ಣ ಸದ್ದಾಯಿತು. ಮೂಳೆ ಒಂದಿಷ್ಟೂ ವಾಲದೆ ಮೇಲೆದ್ದಿತು. ಅದರ ಭಾರ ಅವಳ ಕೈಗೆ ಅರ್ಧವೇ ಬಂದಂತಿತ್ತು. ಮೇಜಿನ ಆಚೆ ನಿಂತಿದ್ದ ನೌಕರ ಯಾರೂ ಹೇಳದೆಯೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಮೂಳೆ ನಿಧಾನವಾಗಿ ಮಡಕೆಯೊಳಕ್ಕೆ ಇಳಿಯಿತು.

ಹೊರಗೆ ಕಾರೊಂದರ ಬಾಗಿಲು ಮುಚ್ಚಿಕೊಂಡಿತು.

ಬೌದ್ಧ ಗುಡಿಯ ಗುರುಗಳಿಗೆ ಕರೆ ಮಾಡಲು ಗೆಂಜೊ ಜೇಬಿನಿಂದ ಮೊಬೈಲ್ ತೆಗೆದ. ಗುಂಡಿ ಒತ್ತಲು ಅವನಿಗೆ ಎರಡು ಸಲ ಬೇಕಾಯಿತು.

“ಗುರುಗಳೇ, ನಾನು ಗೆಂಜೊ. ಅತ್ತಿಗೆಗೆ ಸತ್ತ ಮೇಲೆ ಕೊಡೋ ಹೊಸ ಹೆಸರು ಇಡಿಸೋಕೆ ನಾಳೆ ಬರ್ತೀವಿ ಅಂದಿದ್ನಲ್ಲ… ಎರಡು ಹೆಸರು ಬೇಕಾಗತ್ತೆ. ಹೌದು, ಎರಡು. ಇಬ್ಬರೂ ನಮ್ಮ ಸಮಾಧಿಗೇ.”

ಆ ಕಡೆಯಿಂದ ಏನೋ ಕೇಳಿದರು.

“ವಯಸ್ಸಾ?”

ಅವನು ಮೇಜಿನ ಆಚೆ, ನೌಕರ ಬಿಟ್ಟುಕೊಟ್ಟಿದ್ದ ಖಾಲಿ ಜಾಗವನ್ನು ನೋಡುತ್ತಲೇ ನಿಂತ. ಬಿಡುವಾಗಿದ್ದ ಇನ್ನೊಂದು ಕೈ ನಿಧಾನವಾಗಿ ಮೇಲೆ ಬಂದು, ಅಂಗೈ ಕೆಳಗಾಗಿ, ಗಾಳಿಯಲ್ಲಿ ನಿಂತಿತು.

“ಗೊತ್ತಿಲ್ಲ ಗುರುಗಳೇ. ನನ್ನ ಎದೆಮಟ್ಟಕ್ಕೆ ಬರ್ತಾನೆ,” ಎಂದ. “ಸರಿ. ನಾಳೆ ಹತ್ತಕ್ಕೆ.”