ನೂರು ಕೋಟಿ ಸುತ್ತು, ಸೊನ್ನೆ ಸೆಕೆಂಡು

ಚದುರಂಗವಾಡುವ ಪ್ರೋಗ್ರಾಮನ್ನು ಯಾವ ಕಂಪ್ಯೂಟರ್ ಭಾಷೆಯಲ್ಲಿ ಬರೆಯಬೇಕೆಂಬ ಮಹಾಪ್ರಶ್ನೆ, ಐದು ತಿಂಗಳ ವಿಚಾರಣೆ ನಡೆದು, ಹದಿನಾಲ್ಕು ಭಾಷೆಗಳ ಪಟ್ಟಿ ಸಿದ್ಧವಾಗಿ, ಇಡೀ ಒಂದು ನೋಟ್‌ಬುಕ್ಕು ಬಲಿಯಾದ ಮೇಲೆ, ಈ ಶನಿವಾರ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಇತ್ಯರ್ಥವಾಯಿತು, ಎಂಟಕ್ಕೆ ಫೋನಿನಲ್ಲಿ ಅಣ್ಣ ನಕ್ಕ, ಈಗ ಹತ್ತೂವರೆ, ಆ ನಗು ಕಿವಿಗೆ ಹೊಕ್ಕ ನೀರಿನ ಹಾಗೆ ಇನ್ನೂ ಗುಳುಗುಳು ಎನ್ನುತ್ತಿದೆ — ಎಕ್ಸ್‌ರೇ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಹತ್ತಿತು, ಎದೆ ಫಲಕಕ್ಕೆ ಒತ್ತಿ ನಿಲ್ಲಿ, ಗದ್ದ ಮೇಲೆ, ಭುಜ ಮುಂದಕ್ಕೆ, ತಣ್ಣಗಿದೆಯಲ್ಲ ಮೇಡಂ ಎಂದ ಕೆಮ್ಮೆಂದು ಬಂದಿದ್ದ ಬಡಗಿ, ಇರುತ್ತೆ, ಮಾತಾಡಬೇಡಿ, ಉಸಿರು ಎಳೆದು ಹಿಡಿದುಕೊಳ್ಳಿ, ಎಂದು ಎಕ್ಸ್‌ರೇ ತೆಗೆಯುವ ತಂಗಿ ಗಾಜಿನ ಹಿಂದೆ ಬಂದು ಗುಂಡಿ ಒತ್ತಿದಳು, ನಕ್ಕಿದ್ದಷ್ಟೇ ಆಗಿದ್ದರೆ ಹೋಗಲಿ, ಅಣ್ಣ ಫೋನನ್ನು ಸ್ಪೀಕರಿಗೆ ಹಾಕಿ ಅತ್ತಿಗೆಯನ್ನು ಕೂಗಿದ, ಬಾರೇ ಇಲ್ಲಿ, ಪುಟ್ಟಿಯ ಕಂಪ್ಯೂಟರು ನೂರು ಕೋಟಿ ಸಲ ಸುತ್ತಿ ಸೊನ್ನೆ ಸೆಕೆಂಡಿಗೆ ಮನೆಗೆ ಬಂತಂತೆ, ಚಪ್ಪಲಿನೂ ಹಾಕ್ಕೊಂಡಿರಲಿಲ್ಲ ಅನ್ಸುತ್ತೆ — ಐವತ್ತೊಂದು ವರ್ಷದವಳು ಪುಟ್ಟಿಯಂತೆ, ಪುಟ್ಟಿ! — ಅವಳು ಮಾಡಿದ್ದರಲ್ಲಿ ತಪ್ಪೇನು, ಯಾವ ಭಾಷೆ ಚುರುಕು ಎಂದು ತಿಳಿಯಲು ಒಂದೊಂದರಲ್ಲೂ ಅದೇ ಪರೀಕ್ಷೆ, ಒಂದರಿಂದ ನೂರು ಕೋಟಿಯವರೆಗೆ ಎಣಿಸು, ಎಷ್ಟು ಹೊತ್ತಾಯಿತು ಹೇಳು, ಪೈಥಾನ್ ಒಂದು ನಿಮಿಷ ತೆವಳಿತು, ಇನ್ನೊಂದು ನಾಲ್ಕು ಸೆಕೆಂಡು, ಸಿ ಭಾಷೆಯಲ್ಲಿ ಬರೆದು, ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿ ಕೊಡುವ ಹೊಸ ಕಂಪೈಲರಿಗೆ ಆದಷ್ಟು ಚುರುಕು ಮಾಡಪ್ಪ ಎಂದು ಹೇಳಿದಾಗ ಮಾತ್ರ ಸೊನ್ನೆ, ಇನ್ನೊಮ್ಮೆ ಓಡಿಸಿದಳು, ಸೊನ್ನೆ, ಕಣ್ಣಲ್ಲಿ ನೀರು ಬಂದಿತ್ತು, ಅದಕ್ಕೆ ಅಣ್ಣ, ಅದು ಎಣಿಸೇ ಇಲ್ಲ ಕಣೇ, ಎಣಿಸಿ ಏನು ಬಂತು ಅಂತ ಕೊನೆಗೆ ಯಾರೂ ಕೇಳೋಲ್ಲ ಅಂತ ಗೊತ್ತಾದ್ರೆ ಕಂಪೈಲರು ಆ ಸಾಲನ್ನೇ ಕಿತ್ತು ಬಿಸಾಕುತ್ತೆ, ಏನೂ ಮಾಡದೆ ಇರೋದನ್ನ ಅದು ತುಂಬ ಬೇಗ ಮಾಡುತ್ತೆ, ನಿನ್ನ ಹಾಗೇ — ನಿನ್ನ ಹಾಗೇ! ಹಲ್ಲು ಕಡಿದ ಸದ್ದು ಅವಳಿಗೇ ಕೇಳಿಸಿತು, ಮೇಡಂ ಬಿಡಲಾ ಎಂದು ಎಲ್ಲಿಂದಲೋ ಸಣ್ಣ ದನಿ, ಅಯ್ಯೋ, ಬಡಗಿ ಬದನೆಕಾಯಿ ಬಣ್ಣಕ್ಕೆ ತಿರುಗಿ ಇನ್ನೂ ಉಸಿರು ಹಿಡಿದು ನಿಂತಿದ್ದಾನೆ, ಬಿಡಿ ಬಿಡಿ, ಯಾವಾಗಲೋ ಆಯಿತು, ನೀವು ಹೇಳಲಿಲ್ಲವಲ್ಲ, ಹೇಳದಿದ್ದರೆ ಸಾಯುತ್ತೀರೇನ್ರೀ, ಅಂಗಿ ಹಾಕಿಕೊಳ್ಳಿ.

ಇಷ್ಟಕ್ಕೂ ಈ ಪ್ರೋಗ್ರಾಮು ಯಾರಿಗೆ ಬೇಕಿತ್ತು, ಮೂವತ್ತು ವರ್ಷ ಪ್ರತಿ ಭಾನುವಾರ ನಾಲ್ಕಕ್ಕೆ ಚದುರಂಗಕ್ಕೆ ಅಣ್ಣನ ಎದುರು ಕುರ್ಚಿ ಅವಳದು, ಜಗಳವೂ ಅಷ್ಟೇ ಹಳೆಯದು, ಐದು ತಿಂಗಳ ಹಿಂದೆ ಒಂಟೆಯನ್ನು ಮುಟ್ಟಿ ಕೈ ಹಿಂದೆಗೆದಳು, ಮುಟ್ಟಿದ ಕಾಯಿ ನಡೆಸಲೇಬೇಕು ಎಂದ, ಧೂಳಿತ್ತು, ಒರೆಸಿದೆ ಎಂದಳು, ಅವನ ಲೆಕ್ಕದ ಮೇಷ್ಟರ ದನಿ ಹೊರಟಿತು, ಧೂಳು ಒರೆಸೋಕೆ ಅಂತ ನಿಯಮದಲ್ಲಿ ಎಲ್ಲಿದೆ ತೋರಿಸು, ಹಲಗೆ ಹಾರಿತು, ಕುದುರೆಯೊಂದು ಫ್ರಿಜ್ಜಿನ ಅಡಿಗೆ ಹೋಯಿತು, ಅತ್ತಿಗೆ ಸೌಟು ಹಿಡಿದೇ ಬಂದು ತೀರ್ಪು ಕೊಟ್ಟರು, ಇನ್ನು ನೀವಿಬ್ಬರೂ ಒಂದೇ ಹಲಗೆ ಮುಂದೆ ಕೂರಕೂಡದು, ಅಷ್ಟು ಚಪಲ ಇದ್ದರೆ ಒಬ್ಬೊಬ್ಬರು ಒಂದೊಂದು ಕಂಪ್ಯೂಟರಿಗೆ ಕಲಿಸಿ, ಅವೇ ಆಡಿಕೊಳ್ಳಲಿ, ಅವಕ್ಕೆ ಬಾಯಿಲ್ಲ, ಅಲ್ಲಿಂದ ಪ್ರೋಗ್ರಾಮಿಲ್ಲದೆ ಆ ಮನೆಗೆ ಕಾಲಿಡುವ ಹಾಗಿಲ್ಲ, ಪ್ರತಿ ಭಾನುವಾರ ಫೋನಿನಲ್ಲಿ ಅದೇ, ಭಾಷೆ ಇನ್ನೂ ತೀರ್ಮಾನ ಆಗಿಲ್ಲಣ್ಣ, ಫೋನಿಟ್ಟು ಇಸ್ತ್ರಿಪೆಟ್ಟಿಗೆ ಹಿಡಿಯುತ್ತಾಳೆ, ಮನೆಯಲ್ಲಿ ಇಸ್ತ್ರಿ ಕಾಣದ ಕರವಸ್ತ್ರ ಉಳಿದಿಲ್ಲ, ಇವತ್ತು ನಕ್ಕು ಮುಗಿಸಿ ಏನೆಂದ, ನಾಳೆ ನಾಲ್ಕಕ್ಕೆ ಏನೂ ತರದಿದ್ದರೆ ಎದುರುಮನೆ ಹಲ್ಲು ಡಾಕ್ಟರನ್ನ ಕೂರಿಸಿಕೊಳ್ತೀನಿ, ಪಾಪ ಅವರು ಕೇಳ್ತಾನೇ ಇದಾರೆ, ಅವಳ ಕುರ್ಚಿಯಲ್ಲಿ ಹಲ್ಲು ಡಾಕ್ಟರು! ಆ ಮನುಷ್ಯ ಒಂದು ಕಾಲಾಳು ಸರಿಸಲು ಇಪ್ಪತ್ತು ನಿಮಿಷ ಬಾಯಿ ತೆರೆದು ಕೂರುತ್ತಾನೆ, ಕೂರಲಿ, ಇಬ್ಬರೂ ಸಾಯಂಕಾಲ ಪೂರ್ತಿ ಬಾಯಿ ತೆರೆದುಕೊಂಡೇ ಕೂರಲಿ — ಮೂಳೆಯ ನೆರಳು ಪರದೆ ಮೇಲೆ ಮೂಡಿತು, ಬಡಗಿಯ ಎದೆಗೂಡು ತೊಳೆದಿಟ್ಟ ಹಾಗಿದೆ, ಆ ಪುಣ್ಯಾತ್ಮನಿಗೆ ಏನೂ ಆಗಿಲ್ಲ, ಒಳಗಿರುವುದು ಹೊರಗಿನಿಂದ ಕಾಣಬೇಕಾದರೆ ಇಷ್ಟು ದೊಡ್ಡ ಯಂತ್ರ ಬೇಕು, ಅಣ್ಣನಿಗೆ ಮಾತ್ರ ಅವಳು ಬರೆದ ಒಂದು ಸಾಲನ್ನೂ ನೋಡದೆ, ಸೊನ್ನೆ ಎಂದ ಕೂಡಲೇ, ಯಾವ ಸಾಲು ಏಕೆ ಹೋಯಿತೆಂದು — ತಡಿ.

ತಡಿ, ಅವನಿಗೆ ಹೇಗೆ ಗೊತ್ತು, ಅವಳು ಹೇಳಿದ್ದು ನೂರು ಕೋಟಿ ಮತ್ತು ಸೊನ್ನೆ, ಎರಡೇ ಮಾತು, ಬುದ್ಧಿವಂತನಾದವನು ಒಂದು ಗಳಿಗೆಯಾದರೂ ಹೌದಾ ಎಂದು ಬೆರಗಾಗಬೇಕಿತ್ತು, ಇವನು ಬಾಯಿಪಾಠ ಒಪ್ಪಿಸಿದ, ಹಾವಿನ ಹೆಜ್ಜೆ ಹಾವಿಗೇ ಗೊತ್ತು, ಮುಂದಿನವರು ಹೊರಗೇ ಕೂತಿರಿ, ಎರಡು ನಿಮಿಷ, ಎಂದು ಬಾಗಿಲು ಹಾಕಿಕೊಂಡು ಫೋನು ಮಾಡಿದಳು, ಅಣ್ಣಾ, ನಿನಗೆಷ್ಟು ಬಂದಿತ್ತು, ಏನು ಎಷ್ಟು, ಅದೇ, ನೂರು ಕೋಟಿ ಎಣಿಸೋಕೆ ನಿನ್ನ ಕಂಪ್ಯೂಟರಿಗೆ ಎಷ್ಟು ಸೆಕೆಂಡು ಹಿಡೀತು, ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿ ಉತ್ತರ ತೆಗೆಸಿದವನು ಸ್ಪೀಕರು ಆರಿಸಿದ, ದನಿ ಹತ್ತಿರ ಬಂತು, ಸೊನ್ನೆ, ಯಾವಾಗ, ಮೂರು ತಿಂಗಳಾಯ್ತು ಕಣೇ, ಎರಡು ವಾರ ಎದುರುಮನೆಯವರಿಗೆಲ್ಲ ತೋರಿಸಿಕೊಂಡು ಓಡಾಡಿದೆ, ಆಮೇಲೆ ಯಾರೋ ಅದು ಎಣಿಸೇ ಇಲ್ಲ ಅಂತ ಹೇಳಿದರು, ಸರಿ, ಆಮೇಲೆ ಏನು ಬರೆದೆ, ಏನು ಬರೀಲಿ, ನೀನು ಭಾಷೆ ತೀರ್ಮಾನ ಮಾಡಲಿ ಅಂತ ಕಾದೆ, ಬಿದ್ದರೂ ಮೀಸೆ ಮಣ್ಣಾಗಲಿಲ್ಲ ನೋಡು ಇವನದು, ಇಲ್ಲಿಗೆ ಸಿಟ್ಟು ಇಳಿಯಬೇಕಿತ್ತು, ನೆತ್ತಿಗೇರಿತು, ಇಪ್ಪತ್ತೊಂದು ಭಾನುವಾರ, ಈ ಕಡೆ ಇವಳು ಕರವಸ್ತ್ರ ತೀಡುತ್ತ, ಆ ಕಡೆ ಅವನು ಖಾಲಿ ಪರದೆ ಕಾಯುತ್ತ, ಇಬ್ಬರಲ್ಲಿ ಒಬ್ಬರಿಗಾದರೂ ಬಾ ಆಡೋಣ ಎನ್ನುವ ಬಾಯಿ ಬರಲಿಲ್ಲವೇ, ನಾಳೆ ಹಲಗೆ ಹಾಕಿಡು ಎಂದಳು, ಹಲ್ಲು ಡಾಕ್ಟರಿಗೆ ಬರಬೇಡಿ ಅಂತ ಹೇಳು, ನಿಮ್ಮತ್ತಿಗೆ ಏನಂತಾಳೋ ಎಂದ ಅವನು, ಅತ್ತಿಗೆ ಹತ್ತಿರ ನಾನು ಮಾತಾಡ್ತೀನಿ, ನೀನು ಬಾಯಿ ಮುಚ್ಚಿಕೊಂಡಿರು, ಬಿಳಿ ಕಾಯಿ ನನಗೆ.

ಪ್ರೋಗ್ರಾಮನ್ನು ಇಬ್ಬರೂ ಬರೆಯಲಿಲ್ಲ. ಭಾನುವಾರ ನಾಲ್ಕಕ್ಕೆ ಶುರುವಾದ ಆಟದಲ್ಲಿ ಇಪ್ಪತ್ತಾರನೇ ನಡೆಗೆ ಅವಳು ಸೋತಳು.