ಒಂದು ಸೈಜ್ ದೊಡ್ಡದು

ಕಡ್ಡಿಗೆ ಇಪ್ಪತ್ತಾರು ತುಂಬಿತ್ತು. ಆದರೂ ಅವಳು ಬೆಳೆಯುತ್ತಾಳೆಂದು ಮನೆಯವರು ಇನ್ನೂ ಕಾಯುತ್ತಲೇ ಇದ್ದರು.

ಆ ಮನೆಯಲ್ಲಿ ಯಾರೂ ಯಾವತ್ತೂ ತಮ್ಮ ಅಳತೆಯ ಬಟ್ಟೆ ಹಾಕಿದ್ದಿಲ್ಲ. ಶುರು ಮಾಡಿದ್ದು ಅಜ್ಜಿ. "ಬೆಳೆಯೋ ಮೈ" ಎಂಬ ಮಂತ್ರ ಹೇಳುತ್ತ ಅವಳು ಮಕ್ಕಳಿಗೆಲ್ಲ ಒಂದು ಸೈಜ್ ದೊಡ್ಡದನ್ನೇ ಕೊಂಡಳು. ಆ ಮಕ್ಕಳು ತಮ್ಮ ಮಕ್ಕಳಿಗೂ ಹಾಗೇ ಕೊಂಡರು. ಕಡ್ಡಿ ಶಾಲೆಗೆ ಹೋಗಿದ್ದು ಭುಜ ಮೊಣಕೈಗೆ ಇಳಿದ ಯೂನಿಫಾರಂನಲ್ಲಿ, ತುದಿಗೆ ಪೇಪರ್ ತುರುಕಿದ ಬೂಟಿನಲ್ಲಿ. ಒಂದು ವರ್ಷ ಓಟದ ಪಂದ್ಯದಲ್ಲಿ ಅವಳ ಬೂಟು ಅವಳಿಗಿಂತ ಮೊದಲು ಗೆರೆ ದಾಟಿತ್ತು. ಅಕ್ಕನಿಗೆ ಗಂಡನ್ನು ಹುಡುಕಿದಾಗಲೂ ಅದೇ ಕಣ್ಣಳತೆ. ವಯಸ್ಸು, ಹೊಟ್ಟೆ, ಗಂಟಲು, ಎಲ್ಲದರಲ್ಲೂ ಒಂದು ಸೈಜ್ ದೊಡ್ಡವನು. "ಹೊಂದ್ಕೋತಾಳೆ ಬಿಡಿ, ಬೆಳೆಯೋ ಹುಡುಗಿ" ಎಂದಿದ್ದರು. ಅಕ್ಕ ಇಂದಿಗೂ ಆ ಮದುವೆಯೊಳಗೆ ತೋಳು ಮಡಚಿಕೊಂಡೇ ಓಡಾಡುತ್ತಿದ್ದಾಳೆ.

ಅಜ್ಜಿಯ ಇನ್ನೊಂದು ಆಸ್ತಿ ಕಥೆಗಳು. ಅವುಗಳಲ್ಲಿ ಕಡ್ಡಿಗೆ ಅಂಟಿಕೊಂಡದ್ದು ಒಂದೇ: ಮಲತಾಯಿಯ ಕಾಟಕ್ಕೆ ಬಾವಿಗೆ ಹಾರಿದ ಹುಡುಗಿ ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ, ನಡುನೀರಲ್ಲಿ ನಿಂತಿರುತ್ತಾಳೆ, ಮೀನುಗಳು ಬಂದು ಗಾಜಿನರಮನೆಯ ಬಾಗಿಲು ತೆರೆಯುತ್ತವೆ. ಆ ಹುಡುಗಿ ಏನು ಹಾಕಿಕೊಂಡಿದ್ದಳೆಂದು ಅಜ್ಜಿ ಹೇಳಲಿಲ್ಲ. ಹೇಳಿದ್ದರೆ ಅದೂ ದೊಗಳೆಯೇ ಆಗಿರುತ್ತಿತ್ತು.

ಗಾಜಿನರಮನೆಗೆ ತೀರಾ ಹತ್ತಿರದ ಕೆಲಸವನ್ನೇ ಕಡ್ಡಿ ಹುಡುಕಿಕೊಂಡಿದ್ದಳು. ಅಕ್ವೇರಿಯಂನಲ್ಲಿ ಟಿಕೆಟ್ ಹರಿಯುವುದು. ಆದರೆ ಟಿಕೆಟ್ ಕಿಟಕಿ ರಸ್ತೆಗೆ ಮುಖ ಮಾಡಿತ್ತು, ದೊಡ್ಡ ತೊಟ್ಟಿ ಅವಳ ಬೆನ್ನಿಗಿತ್ತು. ದಿನವಿಡೀ ಅವಳ ಹಿಂದೆ ಮೀನುಗಳು ಈಜುತ್ತಿದ್ದವು, ಮುಂದೆ ಜನ ಚಿಲ್ಲರೆಗೆ ಜಗಳವಾಡುತ್ತಿದ್ದರು. ರಜೆಯ ದಿನಗಳಲ್ಲಿ ಅವಳು ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿತಳು. ತೊಟ್ಟಿಯೊಳಗೆ ಇಳಿದು ಗಾಜು ಒರೆಸಿ, ಮೀನಿಗೆ ಉಣಿಸುತ್ತಿದ್ದವನು ಕೆಲಸ ಬಿಟ್ಟ ದಿನವೇ ತೊಟ್ಟಿಯ ಉಸ್ತುವಾರಿಯ ಮೇಡಂ ಮುಂದೆ ಹೋಗಿ ನಿಂತಳು.

ಮೇಡಂ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅಷ್ಟಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

"ನಮ್ಮಲ್ಲಿರೋ ಬಿಸಿಡಿ ಎಲ್ಲಾ ಗಂಡಸರದ್ದು. ನಿನ್ನ ಮೈಗೆ ಸರಿಯಾಗಿ ಕೂರೋದನ್ನ ನೀನೇ ತಗೊಂಡು ಬಾ. ಶನಿವಾರ ಇಳಿ. ನಾನು ಗಾಜಿನ ಈಚೆ ನಿಂತು ಒಂದು ಲೋಟ ಟೀ ಕುಡೀತೀನಿ. ಲೋಟ ಖಾಲಿ ಆಗೋ ತನಕ ನಡುನೀರಲ್ಲಿ ಕೈಕಾಲು ಆಡಿಸ್ದೆ ನಿಂತ್ರೆ ಕೆಲಸ ನಿಂದು. ಇಲ್ಲಾಂದ್ರೆ ಟಿಕೆಟ್ ಹರೀತಾ ಇರು, ಮತ್ತೆ ಬಂದು ಕೇಳಬೇಡ."

"ಆಗ್ಲಿ ಮೇಡಂ."

"ಇನ್ನೊಂದು. ನಾನು ಟೀ ನಿಧಾನ ಕುಡೀತೀನಿ."

ಬಿಸಿಡಿ ಎಂದರೆ ಗಾಳಿ ತುಂಬುವ ಜಾಕೆಟ್. ಬೆನ್ನಿಗೆ ಸಿಲಿಂಡರನ್ನು ಹಿಡಿದಿಡುವುದೂ ಅದೇ. ಎದೆಯ ಬಳಿಯ ಗುಂಡಿ ಒತ್ತಿದರೆ ಸಿಲಿಂಡರಿನ ಗಾಳಿ ಅದರೊಳಗೆ ಸೇರಿ ಮೈ ಮೇಲೇಳುತ್ತದೆ. ಗಾಳಿ ಬಿಟ್ಟರೆ ಇಳಿಯುತ್ತದೆ. ಏಳುವುದಕ್ಕೂ ಇಳಿಯುವುದಕ್ಕೂ ನಡುವೆ ಒಂದು ಜಾಗವಿದೆ. ಜಾಕೆಟ್ ಪಕ್ಕೆಗೆ ಅಂಟಿ ಕೂತಿದ್ದರೆ ಆ ಜಾಗ ಸಿಗುತ್ತದೆ. ದೊಗಳೆಯಾದರೆ ಗಾಳಿ ಒಳಗೆ ಅತ್ತಿತ್ತ ಹರಿದು, ಜಾಕೆಟ್ ಕಿವಿಗೆ ಏರಿ, ಮೈ ಒಂದು ಕಡೆಗೆ ಹೊರಳುತ್ತದೆ.

ಇದೆಲ್ಲ ಕಡ್ಡಿಗೆ ಗೊತ್ತಿತ್ತು. ಅವಳು ಮಾಡಿದ ತಪ್ಪೆಂದರೆ ರಾತ್ರಿ ಊಟದ ಹೊತ್ತಿಗೆ "ನಾಳೆ ಒಂದು ಜಾಕೆಟ್ ತರಬೇಕು" ಎಂದು ಬಾಯಿ ಬಿಟ್ಟದ್ದು.

ಮರುದಿನ ಅಂಗಡಿಗೆ ಹೊರಟವರು ನಾಲ್ವರು. ಅಮ್ಮ, ಅಕ್ಕ, ಸೋದರಮಾವ, ಎಲ್ಲರ ಹಿಂದೆ ಕಡ್ಡಿ. ಮಾವನದು ಸೂಟ್‌ಕೇಸ್ ಅಂಗಡಿ. ಜಿಪ್ ಇರುವ ವಸ್ತುಗಳೆಲ್ಲ ತನ್ನ ವಿಷಯ ಎಂದು ಅವನ ನಂಬಿಕೆ.

ಮುಳುಗುವ ಸಾಮಾನಿನ ಅಂಗಡಿಯಲ್ಲಿ ರಬ್ಬರಿನ ವಾಸನೆ. ಗೋಡೆಯುದ್ದಕ್ಕೂ ಜಾಕೆಟ್‌ಗಳು ತಲೆಯಿಲ್ಲದ ಜನರ ಹಾಗೆ ಸಾಲಾಗಿ ನೇತಾಡುತ್ತಿದ್ದವು. ಅಂಗಡಿಯವನು ಕಡ್ಡಿಯನ್ನು ನೋಡಿದವನೇ ಕಪ್ಪು ಬಣ್ಣದ, ಚಿಕ್ಕ, ಸಾದಾ ಜಾಕೆಟ್ ಒಂದನ್ನು ಇಳಿಸಿದ.

"ಮೇಡಂ, ನಿಮಗೆ ಇದೇ. ಎಕ್ಸ್‌ಟ್ರಾ ಸ್ಮಾಲ್. ತೊಟ್ಟಿ ಕೆಲಸಕ್ಕೆ ಇಷ್ಟು ಗಾಳಿ ಧಾರಾಳ."

ಕಡ್ಡಿ ಹಾಕಿಕೊಂಡಳು. ಪಟ್ಟಿ ಎಳೆದಳು. ಅದು ಪಕ್ಕೆಯನ್ನು ಹಿಡಿದ ರೀತಿಗೆ ಅವಳಿಗೆ ಒಂದು ಕ್ಷಣ ಗಾಬರಿಯಾಯಿತು. ಬಟ್ಟೆಯೊಂದು ತನ್ನನ್ನು ಮುಟ್ಟುವುದು ಅವಳಿಗೆ ರೂಢಿಯಿರಲಿಲ್ಲ.

"ಅಯ್ಯೋ, ಉಸಿರು ಕಟ್ಟತ್ತೆ ಕಣೇ!" ಎಂದಳು ಅಮ್ಮ.

"ಉಸಿರಾಡೋಕೆ ಸಿಲಿಂಡರ್ ಇದೆ ಅಮ್ಮ" ಎಂದಳು ಅಕ್ಕ.

"ನೀನು ಸುಮ್ನಿರು. ನಾಳೆ ಇವಳಿಗೆ ಮದುವೆ ಆಗತ್ತೆ, ಮಗು ಆಗತ್ತೆ. ಆಮೇಲೆ ಇದನ್ನ ಯಾವ ಕೈಗೆ ಹಾಕ್ಕೋತಾಳೆ?"

ಮಾವ ಅಷ್ಟರಲ್ಲಿ ಇನ್ನೊಂದು ಜಾಕೆಟ್ಟಿನ ಹೊಟ್ಟೆಗೆ ಕೈಹಾಕಿದ್ದ. ನೀಲಿ ಬಣ್ಣ, ದೊಡ್ಡ ಗಾತ್ರ, ಮೈತುಂಬ ಜೇಬು. ಜಿಪ್ಪನ್ನು ಎಳೆದ, ಬಿಟ್ಟ, ಮತ್ತೆ ಎಳೆದ; ಕಿವಿಗೆ ಹಿಡಿದು ಸದ್ದು ಕೇಳಿದ.

"ಜಿಪ್ ಅಂದ್ರೆ ಇದು. ಏನಪ್ಪಾ, ಇದಕ್ಕೆ ಚಕ್ರ ಬರಲ್ವಾ?"

"ನೀರಲ್ಲಿ ಚಕ್ರ ಇರಲ್ಲ ಸಾರ್."

"ನೀರಿನ ತನಕ ಹೊರಬೇಕಲ್ಲಯ್ಯ! ಹೋಗ್ಲಿ ಬಿಡು. ಇದ್ರಲ್ಲಿ ಗಾಳಿ ಎಷ್ಟು ಹಿಡಿಯತ್ತೆ?"

"ಅದರ ಮೂರರಷ್ಟು ಸಾರ್. ಆದ್ರೆ ಮೇಡಂಗೆ ಅಷ್ಟು ಬೇಕಾಗಲ್ಲ, ಲೂಸ್ ಆದ್ರೆ ಹೊರಳ್ತಾರೆ…"

"ಮೂರರಷ್ಟು ಗಾಳಿ ಅಂದ್ರೆ ಮೂರರಷ್ಟು ಸೇಫ್ಟಿ. ಹೌದೋ ಅಲ್ವೋ?"

ಅಂಗಡಿಯವನು ಕಡ್ಡಿಯನ್ನು ನೋಡಿದ, ಮಾವನನ್ನು ನೋಡಿದ. ಕೊನೆಗೆ ಮಾತಾಡಿದವರ ಕಡೆಗೆ ವಾಲುವುದು ಅವನ ವ್ಯಾಪಾರದ ಗುಟ್ಟು.

"ಅದೂ ಸರಿ ಸಾರ್" ಎಂದ.

ಕಡ್ಡಿ ನೀಲಿಯನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಕನ್ನಡಿಯಲ್ಲಿ ಒಂದು ಜಾಕೆಟ್ ಇತ್ತು, ಮೇಲ್ಗಡೆ ಎರಡು ಕಣ್ಣು ಇದ್ದವು.

"ಸೂಟ್‌ಕೇಸ್ ಒಳಗೆ ಒಂದೇ ಕರ್ಚೀಫ್ ಇಟ್ಟ ಹಾಗಿದೆ" ಎಂದು ಅಕ್ಕ ನಕ್ಕಳು.

"ಸ್ವಲ್ಪ ಹಿಡಿಸಿದ್ರೆ ಆಯ್ತು" ಎಂದಳು ಅಮ್ಮ, ಪಕ್ಕೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ ನೋಡುತ್ತ.

"ಮಾವ, ನಂಗೆ ಆ ಕಪ್ಪುದೇ…" ಎಂದು ಕಡ್ಡಿ ಶುರು ಮಾಡಿದಳು.

"ನಿಂಗೇನೇ ಗೊತ್ತು, ಮಗು ನೀನು. ಮೂವತ್ತು ವರ್ಷ ಜಿಪ್ ಮಾರಿದ್ದೀನಿ ನಾನು. ಇದೇ ಇರ್ಲಿ, ಅಲ್ವಾ?"

ಅವಳ ಬಾಯಿಂದ ಬಂದದ್ದು, ಹುಟ್ಟಿದಾಗಿನಿಂದ ಬರುತ್ತಿದ್ದ ಅದೇ "ಹೂಂ". ಆ ಮನೆಯಲ್ಲಿ ಅವಳ ಅಳತೆಗೆ ಸರಿಯಾಗಿ ಇದ್ದದ್ದು ಆ ಒಂದು ಅಕ್ಷರ ಮಾತ್ರ.

ಶನಿವಾರ ಬೆಳಿಗ್ಗೆ ಅಮ್ಮ ಜಾಕೆಟ್ಟನ್ನು ಇಸ್ತ್ರಿ ಬಟ್ಟೆಯ ಹಾಗೆ ಮಡಚಿ ಚೀಲಕ್ಕಿಟ್ಟು ಕೊಟ್ಟಳು. ಮುಖದಲ್ಲಿ ಏನೋ ಮುಚ್ಚಿಟ್ಟ ನಗು. ಕಡ್ಡಿ ಗಮನಿಸಲಿಲ್ಲ. ಅವಳು ರಾತ್ರಿಯೆಲ್ಲ ಕಿವಿಗೇರುವ ಜಾಕೆಟ್ಟಿನ ಕನಸು ಕಂಡಿದ್ದಳು. ದೊಡ್ಡ ಜಾಕೆಟ್ ತಾನೇ ತೇಲುತ್ತದೆಂದು, ಅದನ್ನು ಇಳಿಸಲು ಸೊಂಟದ ಜೇಬಿಗೆ ಮೂರು ಸೀಸದ ತುಂಡು ಹೆಚ್ಚಿಗೆ ಹಾಕಿಕೊಳ್ಳುವುದೆಂದು ಲೆಕ್ಕ ಹಾಕಿದ್ದಳು.

ತೊಟ್ಟಿಯ ಅಂಚಿನಲ್ಲಿ ಹಾಕಿಕೊಂಡಾಗ ಆಶ್ಚರ್ಯ. ಜಾಕೆಟ್ ಅಷ್ಟೇನೂ ದೊಗಳೆಯಿರಲಿಲ್ಲ. ಪಟ್ಟಿ ಬಿಗಿ ಮಾಡಿದ್ದಕ್ಕಿರಬೇಕು ಎಂದುಕೊಂಡಳು. ಗುಂಡಿ ಒತ್ತಿ ಗಾಳಿ ತುಂಬಿದಳು, ತುಂಬಿತು. ಪಕ್ಕದಲ್ಲೇ ನೀರಿನ ಪಂಪು ಗಡಗಡ ಎನ್ನುತ್ತಿತ್ತು. ಅದರ ಗದ್ದಲದಲ್ಲಿ ಬೇರೊಂದು ಸಣ್ಣ ಸದ್ದು ಯಾರ ಕಿವಿಗೂ ಬೀಳಲಿಲ್ಲ. ಏಣಿಯ ಬಳಿ ಕಾವಲಿಗಿದ್ದ ಆಳು ಹೆಬ್ಬೆರಳು ತೋರಿಸಿದ. ಗಾಳಿ ಬಿಟ್ಟಳು, ಇಳಿದಳು.

ಎರಡಾಳು ಆಳದ ತೊಟ್ಟಿ. ಅವಳು ಹಾಕಿದ ಲೆಕ್ಕಕ್ಕಿಂತ ಬೇಗ ತಳ ಸೇರಿ, ಮರಳಿನ ಮೇಲೆ ಮಂಡಿಯೂರಿದಳು. ಗಾಜಿನಾಚೆ ಮೇಡಂ ನಿಂತಿದ್ದರು, ಲೋಟ ಇನ್ನೂ ತುಟಿಗೆ ಹೋಗಿರಲಿಲ್ಲ. ಅವರ ಪಕ್ಕದಲ್ಲಿ ಮೂಗನ್ನು ಗಾಜಿಗೆ ಒತ್ತಿಕೊಂಡು ಅಮ್ಮ, ಅಕ್ಕ, ಮಾವ.

ಕಡ್ಡಿ ಗುಂಡಿ ಒತ್ತಿದಳು. ಗಾಳಿ ಒಳಗೆ ನುಗ್ಗಿತು, ಹಾಗೇ ಹೊರಗೆ ಹೊರಟಿತು. ಎರಡೂ ಪಕ್ಕೆಗಳಿಂದ ಗುಳ್ಳೆಗಳು ಏಳುತ್ತಿದ್ದವು. ಅಡ್ಡಾದಿಡ್ಡಿಯಾಗಿ ಅಲ್ಲ, ಒಂದರ ಪಕ್ಕ ಒಂದು, ಸಮ ಅಂತರದಲ್ಲಿ, ಮುತ್ತು ಪೋಣಿಸಿದ ಹಾಗೆ. ಆ ಅಂತರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಅಮ್ಮನ ಕೈಹೊಲಿಗೆ. ಅವಳ ಶಾಲೆಯ ಯೂನಿಫಾರಂಗಳನ್ನೆಲ್ಲ ಹಿಡಿಸಿದ, ಬಟ್ಟೆಯ ಬಣ್ಣದ ದಾರದಲ್ಲಿ ಯಾರಿಗೂ ಕಾಣದಂತೆ ಹಾಕುವ ಹೊಲಿಗೆ. ದಪ್ಪ ಆದ ಮೇಲೆ ಬಿಚ್ಚಿಕೊಳ್ಳಲು ಅನುಕೂಲವಾಗಲೆಂದು, ಗಾಳಿ ತುಂಬುವ ಚೀಲಕ್ಕೆ ಅಮ್ಮ ಎರಡು ಕಡೆ ಟಕ್ ಹಾಕಿದ್ದಳು.

ಗಾಜಿನಾಚೆ ಅಮ್ಮ ತನ್ನ ಪಕ್ಕೆಯನ್ನು ತಾನೇ ಮುಟ್ಟಿ ತೋರಿಸಿ, ಹೇಗಿದೆ ಎಂಬಂತೆ ಹುಬ್ಬು ಹಾರಿಸಿದಳು. ಮಾವ ಅಕ್ಕಪಕ್ಕದ ನೋಡುಗರಿಗೆ ಏನೋ ವಿವರಿಸುತ್ತಿದ್ದ. ಅವನು ಹೇಳಿದ್ದು ಆಮೇಲೆ ಅಕ್ಕನಿಂದ ತಿಳಿಯಿತು: "ನೋಡಿ, ಬೇರೆಯವರಿಗೆ ಬಾಯಿಂದ ಮಾತ್ರ ಗುಳ್ಳೆ ಬರತ್ತೆ. ನಮ್ಮದು ಟಾಪ್ ಮಾಡೆಲ್, ಎಲ್ಲಾ ಕಡೆಯಿಂದ ಬರತ್ತೆ. ಸೆಲೆಕ್ಷನ್ ನನ್ನದೇ."

ಮಂಡಿಯೂರಿದವಳಿಗೆ ಮೊದಲು ಅಳು ಬಂತು. ಮುಖವಾಡದೊಳಗೆ ಅಳುವುದು ಬಹಳ ಕಷ್ಟದ ಕೆಲಸ, ಮೂಗು ಒರೆಸಿಕೊಳ್ಳಲಾಗುವುದಿಲ್ಲ. ಕಾಲು ಬಡಿದು ಮೇಲೇಳಬಹುದಿತ್ತು, ಆದರೆ ಕಾಲು ಬಡಿದರೆ ಸೋತ ಹಾಗೆ. ಮೇಲೆ ಹತ್ತಿ "ನಮ್ಮಮ್ಮ ಹೊಲಿದುಬಿಟ್ಟಿದ್ದಾರೆ" ಎನ್ನಬಹುದಿತ್ತು. ಜೀವಮಾನವಿಡೀ ಟಿಕೆಟ್ ಕಿಟಕಿಯಲ್ಲಿ ಕೂತು ಆ ಕಥೆ ಹೇಳಿಕೊಂಡಿರಬಹುದಿತ್ತು.

ಮೇಡಂ ಲೋಟವನ್ನು ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಸುಮ್ಮನೆ ನೋಡುತ್ತಿದ್ದರು.

ಬಾವಿಯ ಹುಡುಗಿಗೆ ಜಾಕೆಟ್ ಎಲ್ಲಿತ್ತು, ಎಂದು ಆಗ ಕಡ್ಡಿಗೆ ಹೊಳೆಯಿತು.

ಜಾಕೆಟ್ಟಿನ ದೊಡ್ಡಸ್ತಿಕೆಗೆಂದು ತುಂಬಿಕೊಂಡ ಸೀಸ ಈಗ ಯಾರಿಗೆ ಬೇಕು? ಅವಳು ಸೊಂಟದ ಜೇಬಿನಿಂದ ಒಂದು ತುಂಡು ತೆಗೆದು ಮರಳಿನ ಮೇಲಿಟ್ಟಳು. ಮಂಡಿ ಹಗುರಾಯಿತು. ಇನ್ನೊಂದು ಇಟ್ಟಳು. ಮತ್ತೂ ಒಂದು. ನಿಧಾನವಾಗಿ ಉಸಿರು ಎಳೆದುಕೊಂಡಳು. ಮಂಡಿ ಮರಳನ್ನು ಬಿಟ್ಟಿತು. ಸ್ವಲ್ಪ ಉಸಿರು ಬಿಟ್ಟಳು, ಏರುವುದು ನಿಂತಿತು. ಎದೆ ತುಂಬಿದರೆ ಒಂದು ಗೇಣು ಮೇಲೆ, ಖಾಲಿಯಾದರೆ ಒಂದು ಗೇಣು ಕೆಳಗೆ. ಉಸಿರನ್ನು ಸಣ್ಣ ಮಾಡುತ್ತ ಹೋದಳು. ಗೇಣು ಬೆರಳಾಯಿತು, ಬೆರಳು ಉಗುರಾಯಿತು. ಜಾಕೆಟ್ಟಿನ ಕೊನೆಯ ಗುಳ್ಳೆಗಳು ಹೊರಟುಹೋದವು. ಅದು ಒದ್ದೆ ಬಟ್ಟೆಯಾಗಿ ಬೆನ್ನಿಗೆ ಅಂಟಿಕೊಂಡಿತು. ಈಗ ಅವಳನ್ನು ಎತ್ತಿ ಹಿಡಿದಿದ್ದದ್ದು ಅವಳ ಪುಪ್ಪುಸಗಳೇ, ಅವಳದೇ ಅಳತೆಯವು.

ಮೇಡಂ ಮೊದಲ ಗುಟುಕು ಕುಡಿದರು.

ಮಾವ ಗಾಜು ಬಡಿಯುತ್ತಿದ್ದ: ಗುಂಡಿ ಒತ್ತು, ಗುಂಡಿ ಒತ್ತು! ಅಮ್ಮ ಎರಡು ಕೈಯಲ್ಲೂ ಏನೋ ಸನ್ನೆ ಮಾಡುತ್ತಿದ್ದಳು. ದಪ್ಪ ಗಾಜು ಯಾವ ಮಾತನ್ನೂ ಒಳಗೆ ಬಿಡಲಿಲ್ಲ. ಹೂಂ ಎನ್ನಲು ಕಡ್ಡಿಯ ಬಾಯಿಯೂ ಖಾಲಿಯಿರಲಿಲ್ಲ. ಒಂದು ಚಪ್ಪಟೆ ಮೀನು ಬಂದು ಅವಳ ಮುಖವಾಡವನ್ನು ಇಣುಕಿ ನೋಡಿ, ಕಲ್ಲೋ ಕಂಬವೋ ಎಂದುಕೊಂಡು ಮುಂದೆ ಹೋಯಿತು. ಮೇಡಂ ನಿಜಕ್ಕೂ ನಿಧಾನವಾಗಿಯೇ ಟೀ ಕುಡಿಯುತ್ತಿದ್ದರು. ಕೊನೆಗೆ ಲೋಟವನ್ನು ಬೋರಲು ಹಿಡಿದು ತೋರಿಸಿದರು. ಒಂದು ಹನಿ ಬಿತ್ತು.

ಮೇಲೆ ಬಂದಾಗ ಎಲ್ಲರೂ ತೊಟ್ಟಿಯ ಅಂಚಿನಲ್ಲಿ ಸೇರಿದ್ದರು. ಮೇಡಂ ಜಾಕೆಟ್ಟನ್ನು ಎತ್ತಿ, ಪಕ್ಕೆಯ ಮೇಲೆ ಬೆರಳಾಡಿಸಿದರು.

"ಯಾರು ಹೊಲಿದಿದ್ದು?"

"ನಾನೇ" ಎಂದಳು ಅಮ್ಮ. "ಕಾಣಿಸೋದೇ ಇಲ್ಲ, ಅಲ್ವಾ?"

"ಇಲ್ಲ. ಹೊಲಿಗೆ ಬಹಳ ಚೆನ್ನಾಗಿದೆ." ಮೇಡಂ ಜಾಕೆಟ್ಟನ್ನು ಅಮ್ಮನ ಕೈಗಿಟ್ಟರು. "ನಿಮ್ಮ ಮಗಳು ಬದುಕಿದಾಳೆ, ಅದೂ ಚೆನ್ನಾಗಿದೆ." ಆಮೇಲೆ ಕಡ್ಡಿಯ ಕಡೆ ತಿರುಗಿದರು. "ಇನ್ನೊಂದ್ಸಲ ಗುಳ್ಳೆ ಹೀಗೆ ಬಂದ್ರೆ ಶೋಕಿ ಮಾಡ್ದೆ ಮೇಲೆ ಬರಬೇಕು, ತಿಳೀತಾ? ಸೋಮವಾರದಿಂದ ಬಾ. ಇದನ್ನ ತರಬೇಡ."

"ಅದಕ್ಕೇನಂತೆ" ಎಂದ ಮಾವ, "ಸಂಜೆ ಎಲ್ಲಾ ಸೇರಿ ಹೋಗಿ ಇದಕ್ಕಿಂತ ಗಟ್ಟಿದು, ಇನ್ನೊಂದು ಸೈಜ್…"

"ಬೇಡ ಮಾವ."

ಕೂದಲಿಂದ ನೀರು ಸುರಿಯುತ್ತಿದ್ದವಳನ್ನು ಎಲ್ಲರೂ ನೋಡಿದರು. ಆ ಪದ ಅವಳಿಗೆ ಗೊತ್ತಿರಬಹುದೆಂದು ಯಾರಿಗೂ ಅನ್ನಿಸಿರಲಿಲ್ಲ.

"ನಾನೊಬ್ಬಳೇ ಹೋಗ್ತೀನಿ. ನೀವ್ಯಾರೂ ಬರಬೇಡಿ."

"ನೋಡಿದ್ಯಾ ಇವಳ ಕೊಬ್ಬು!" ಎಂದ ಮಾವ.

"ಕೊಬ್ಬು ಬರ್ಲಿ ಅಂತಾನೇ ಅಲ್ವಾ ಮಾವ, ದೊಡ್ಡ ಸೈಜ್ ಕೊಡಿಸಿದ್ದು?" ಎಂದಳು ಅಕ್ಕ. ಯಾರೂ ನೋಡದಾಗ ತನ್ನ ಸ್ವೆಟರಿನ ಮಡಚಿದ ತೋಳನ್ನು ಇನ್ನೊಂದು ಸುತ್ತು ಮಡಚಿಕೊಂಡಳು.

ಸಂಜೆ ಅಂಗಡಿಯವನು ಕಡ್ಡಿಯ ಹಿಂದೆ ಬಾಗಿಲ ಕಡೆ ನೋಡಿದ. ಬೇರೆ ಯಾರೂ ಬರಲಿಲ್ಲ.

"ಆ ಕಪ್ಪುದು ಕೊಡಿ. ಚಿಕ್ಕದು."

"ಮೇಡಂ, ಮುಂದೆ ಮೈ ಬಂದ್ರೆ…"

"ಬಂದಾಗ ಬರತ್ತೆ. ನಾನು ಸೋಮವಾರ ಇಳೀಬೇಕು."

"ಅದೂ ಸರಿ ಮೇಡಂ" ಎಂದ ಅಂಗಡಿಯವನು, ಜಾಕೆಟ್ಟನ್ನು ಇಳಿಸುತ್ತ.

ಅವಳು ಮನೆಗೆ ಬಂದಾಗ ಅಮ್ಮ ದೀಪದ ಕೆಳಗೆ ಕೂತು ನೀಲಿ ಜಾಕೆಟ್ಟಿನ ಟಕ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಬಿಚ್ಚಿ ಮುಗಿಸಿ, ನೀಟಾಗಿ ಮಡಚಿ, ನುಸಿಗುಳಿಗೆ ಹಾಕಿ ಕಪಾಟಿನ ಮೇಲಿನ ಅರೆಯಲ್ಲಿಟ್ಟಳು. ಅಲ್ಲಿ ಕಡ್ಡಿಯ ಒಂದನೇ ಕ್ಲಾಸಿನ ಯೂನಿಫಾರಂ ಕೂಡ ಇತ್ತು. ಅದಿನ್ನೂ ಅವಳಿಗೆ ಸ್ವಲ್ಪ ದೊಡ್ಡದೇ.

"ಇರ್ಲಿ ಬಿಡು" ಎಂದಳು ಅಮ್ಮ, ಬಾಗಿಲು ಮುಚ್ಚುತ್ತ. "ಬೆಳೆಯೋ ಮೈ."