ಮತ್ತೆ ಬರೆಯದ ಪಾಠ ಯೋಜನೆ

ನಾನು ಒಂದು ಪಾಠ ಯೋಜನೆ ಪುಸ್ತಕ. ಇನ್ನೂರು ಪುಟ, ನೀಲಿ ರಟ್ಟು. ಚಿಂತಾಮಣಿಯ ಬೈಂಡಿಂಗ್ ಅಂಗಡಿಯೊಂದರಲ್ಲಿ ಸೂಜಿ ಚುಚ್ಚಿಸಿಕೊಂಡು, ಅಂಟು ಮೆತ್ತಿಸಿಕೊಂಡು, ಒಂದಿಡೀ ದಿನ ಚಪ್ಪಡಿ ಕಲ್ಲಿನ ಕೆಳಗೆ ಮಲಗಿ ಹುಟ್ಟಿದೆ. ನನ್ನಂಥವರ ಬಾಳು ಸಾಮಾನ್ಯವಾಗಿ ಸಪ್ಪೆ. ಹಿಂದಿನ ವರ್ಷ ಬರೆದದ್ದನ್ನೇ ನಮ್ಮೊಳಗೆ ಇಳಿಸುತ್ತಾರೆ, ಏಪ್ರಿಲ್ ಬಂದರೆ ಬೀರುವಿಗೆ ತುಂಬುತ್ತಾರೆ. ನನ್ನದು ಹಾಗಾಗಲಿಲ್ಲ. ಅದಕ್ಕೆ ನನಗೆ ಬೇಸರವೂ ಇಲ್ಲ.

ನನ್ನನ್ನು ಕೊಂಡವರು ಮುನಿಲಕ್ಷ್ಮಿ ಟೀಚರ್. ಆಂಧ್ರದ ಗಡಿಗೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಕನ್ನಡದಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಆ ಊರಿನ ಮಕ್ಕಳದು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಆ ಜೂನ್‌ನಲ್ಲಿ ಆರನೇ ತರಗತಿಗೆ ಇಂಗ್ಲಿಷ್ ಮಾಧ್ಯಮ ಬಂತು. ಟೀಚರಿಗೆ ಐದು ದಿನ ತರಬೇತಿ ಕೊಟ್ಟು, ಪಾಠ ಯೋಜನೆಯ ಒಂದು ಮಾದರಿ ಹಾಳೆ ಕೈಗಿಟ್ಟು, ತರಗತಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೇಳಿಸಬಾರದು ಎಂದು ಹೇಳಿ ಕಳಿಸಿದರು.

ನನ್ನ ಮೊದಲ ಹತ್ತು ಪುಟಗಳನ್ನು ಅವರು ಗೈಡಿನಿಂದ ನಕಲು ಮಾಡಿದರು. ನೀರು ಆವಿಯಾಗುವ ಪಾಠ. ಮಕ್ಕಳು ಇಂಗ್ಲಿಷಿನ ವ್ಯಾಖ್ಯೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರು. ಟೀಚರಿಗೆ ಏನೋ ಅನುಮಾನ. ಕನ್ನಡದಲ್ಲಿ ಕೇಳಿಯೇಬಿಟ್ಟರು: ಒಣಹಾಕಿದ ಒದ್ದೆ ಬಟ್ಟೆಯ ನೀರು ಎಲ್ಲಿಗೆ ಹೋಗುತ್ತದೆ? ಮಕ್ಕಳು ಮತ್ತೆ ಅದೇ ಇಂಗ್ಲಿಷ್ ವ್ಯಾಖ್ಯೆ ಒಪ್ಪಿಸತೊಡಗಿದರು. ಸುಗುಣ ಎಂಬ ಹುಡುಗಿ ಐದನೇ ತರಗತಿಯವರೆಗೆ ಎಲ್ಲದಕ್ಕೂ ಮೊದಲು ಕೈ ಎತ್ತುತ್ತಿದ್ದವಳು. ಅವಳನ್ನೇ ಕೇಳಿದಾಗ ಮೆಲ್ಲಗೆ ಹೇಳಿದಳು: “ಪಾಠ ಇಂಗ್ಲಿಷ್‌ದು ಮಿಸ್. ಬಟ್ಟೆ ನಮ್ಮನೇದು.”

ಅವತ್ತು ಶಾಲೆ ಬಿಟ್ಟ ಮೇಲೆ ಟೀಚರ್ ಮನೆಗೆ ಹೋಗಲಿಲ್ಲ. ನನ್ನನ್ನು ಮೇಜಿನ ಮೇಲೆ ಬಿಚ್ಚಿ, ಹೊಸ ಪುಟದ ನಡುವೆ ಮೇಲಿಂದ ಕೆಳಗೆ ಗೆರೆ ಎಳೆದರು. ಎಡಕ್ಕೆ, ಮಗುವಿಗೆ ಏನು ತಿಳಿಯಬೇಕು ಎಂದು ಬರೆದರು. ಬಲಕ್ಕೆ, ಅದನ್ನು ಹೇಳಲು ಯಾವ ಇಂಗ್ಲಿಷ್ ಮಾತು ಬೇಕು ಎಂದು. ಮೊದಲು ತಟ್ಟೆಯಲ್ಲಿ ಉಪ್ಪುನೀರು ಹಾಕಿ ಬಿಸಿಲಿಗಿಡುವುದು. ಕಂಡದ್ದನ್ನು ಮಕ್ಕಳು ಬಂದ ಭಾಷೆಯಲ್ಲಿ ಮಾತಾಡಲಿ, ತೆಲುಗಾದರೂ ಸರಿ. ಆಮೇಲೆ ಆರೇ ಆರು ಇಂಗ್ಲಿಷ್ ಪದ. ಆಮೇಲೆ ಬೋರ್ಡಿನ ಮೇಲೆ ಅರ್ಧರ್ಧ ವಾಕ್ಯ, ಉಳಿದರ್ಧ ಮಕ್ಕಳದು. ಕೊನೆಗೆ ಪಕ್ಕದವರಿಗೆ ಇಂಗ್ಲಿಷಿನಲ್ಲೇ ವಿವರಿಸುವುದು. ನಾಲ್ಕು ದಿನದ ಪಾಠಕ್ಕೆ ಒಂಬತ್ತು ದಿನ ಹಿಡಿಯಿತು. ನಡೆಯದೇ ಹೋದದ್ದನ್ನು ಹೊಡೆದುಹಾಕಿ, ಯಾಕೆ ನಡೆಯಲಿಲ್ಲ ಎಂದು ಅಂಚಿನಲ್ಲಿ ಬರೆದರು. ನನ್ನ ಮೈಯೆಲ್ಲ ಗೀಚು. ಹೀಗೆ ಗೀಚಿಸಿಕೊಳ್ಳುವ ಭಾಗ್ಯ ನಮ್ಮವರಲ್ಲಿ ಎಷ್ಟು ಜನಕ್ಕಿದೆ?

ಆಗಸ್ಟಿನಲ್ಲಿ ಪರಿವೀಕ್ಷಕ ಗುರುಲಿಂಗಯ್ಯನವರು ಬಂದರು. ನಾಲ್ಕು ಪುಟ ತಿರುವಿ, ಕೆಂಪು ಶಾಯಿಯಲ್ಲಿ ‘ಮಾದರಿಯಂತಿಲ್ಲ, ಮತ್ತೆ ಬರೆಯಿರಿ’ ಎಂದು ಬರೆದು ಹೋದರು. ಮುಖ್ಯೋಪಾಧ್ಯಾಯ ಪಿಳ್ಳಪ್ಪನವರು ಹೆದರಿ, ನನ್ನ ಪುಟಗಳಿಗೆ ಸಹಿ ಹಾಕುವುದನ್ನೇ ನಿಲ್ಲಿಸಿದರು. ಒಳ್ಳೆಯ ಮನುಷ್ಯ, ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಸಾಹೇಬರಿಗೆ ತೋರಿಸಲು ಬೇರೆ ಪುಸ್ತಕ ಬರೆದಿಡಿ, ತರಗತಿಯಲ್ಲಿ ನಿಮ್ಮಿಷ್ಟದಂತೆ ಮಾಡಿಕೊಳ್ಳಿ ಎಂದು ಬೇಡಿಕೊಂಡರು.

“ತೋರ್ಸೋಕೊಂದು, ಮಾಡೋಕೊಂದು ಬರಿಯಲ್ಲ ಸಾರ್,” ಎಂದರು ಟೀಚರ್. “ಅವರು ಬಂದು ಕ್ಲಾಸಲ್ಲಿ ಕೂತ್ಕೊಳ್ಳಲಿ.”

ಹಾಗೆಂದು ಕಚೇರಿಗೆ ಪತ್ರವನ್ನೂ ಬರೆದರು. ನವೆಂಬರಿನಲ್ಲಿ ಗುರುಲಿಂಗಯ್ಯನವರು ನಿಜಕ್ಕೂ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಅವರ ಮುಂದೆ ನಾನು ಬಿಚ್ಚಿಕೊಂಡು ಬಿದ್ದಿದ್ದೆ. ಅವರು ಉಪ್ಪುನೀರಿನ ಪಾಠದ ಪುಟ ತೆಗೆದು, ಅವತ್ತು ಬಿಸಿಲಿಗಿಟ್ಟ ತಟ್ಟೆಯ ತಳ ಯಾಕೆ ಬೆಳ್ಳಗಾಯಿತು ಎಂದು ಸುಗುಣಳನ್ನು ಇಂಗ್ಲಿಷಿನಲ್ಲಿ ಕೇಳಿದರು. ಅವಳು ಎದ್ದು ನಿಂತಳು. “ವಾಟರ್ ಗೋ ಟು ಏರ್ ಸರ್. ಸಾಲ್ಟ್ ನಾಟ್ ಗೋ.”

ಗೋ ಅಲ್ಲ, ಗೋಸ್ ಎಂದು ಅವರು ತಿದ್ದಿದರು. ಅವಳು ತಿದ್ದಿಕೊಂಡು ಹೇಳಿದಳು. ಕೂತುಕೊಳ್ಳಲಿಲ್ಲ. ಇಂಗ್ಲಿಷ್ ಸಾಲದೆ ಕನ್ನಡಕ್ಕೆ ಹೊರಳಿದಳು. “ಸಮುದ್ರದ ನೀರು ಉಪ್ಪಲ್ವಾ ಸಾರ್? ಮಳೆ ನೀರು ಯಾಕೆ ಉಪ್ಪಿಲ್ಲ ಅಂತ ಈಗ ಗೊತ್ತಾಯ್ತು ನಂಗೆ.”

ಆ ಮಾತು ನನ್ನ ಯಾವ ಪುಟದಲ್ಲೂ ಇರಲಿಲ್ಲ. ಅದು ಅವಳೇ ಕಂಡುಕೊಂಡದ್ದು.  ಆದರೂ ಗುರುಲಿಂಗಯ್ಯನವರು ವರದಿಯಲ್ಲಿ, ಮಕ್ಕಳ ವ್ಯಾಕರಣ ದುರ್ಬಲ, ತರಗತಿಯಲ್ಲಿ ಕನ್ನಡ ಬಳಕೆ ಎಂದೇ ಬರೆದರು. ಡಿಸೆಂಬರಿನಲ್ಲಿ ಟೀಚರನ್ನು ತಾಲ್ಲೂಕಿನ ಇನ್ನೊಂದು ತುದಿಯ ಶಾಲೆಗೆ ಹಾಕಿದರು.

ಹೊರಡುವ ದಿನ ಟೀಚರ್ ಅಳಲಿಲ್ಲ. ಪಿಳ್ಳಪ್ಪನವರು ನನ್ನನ್ನು ಅವರ ಚೀಲಕ್ಕೆ ಹಾಕಹೋದಾಗ ತಡೆದರು. “ಪುಸ್ತಕ ಇಲ್ಲೇ ಇರ್ಲಿ ಸಾರ್. ಮಕ್ಕಳು ಇಲ್ಲೇ ಇದಾರಲ್ಲ.”

ಅವರ ಜಾಗಕ್ಕೆ ಬಂದವರು ಇಮ್ತಿಯಾಜ್ ಮೇಷ್ಟ್ರು. ನನ್ನನ್ನು ನೋಡಿ ಬರೆಯಬೇಡಿ ಎಂದು ಅವರಿಗೆ ಕಚೇರಿಯಿಂದ ಮೊದಲೇ ಎಚ್ಚರಿಕೆ ಬಂದಿತ್ತು. ಹಾಗೆ ಹೇಳಿದ್ದರಿಂದಲೇ ಅವರು ನನ್ನನ್ನು ಹುಡುಕಿ ತೆಗೆದು ಓದಿದರು. ವಾರ ಕಳೆಯುವಷ್ಟರಲ್ಲಿ ನನ್ನ ಖಾಲಿ ಪುಟದಲ್ಲಿ ಗೆರೆ ಎಳೆದು, ವಿಜ್ಞಾನದ ಜೊತೆ ಗಣಿತವೂ ತಮ್ಮದೇ ಆದ್ದರಿಂದ ಭಿನ್ನರಾಶಿಯ ಪಾಠ ಶುರುಮಾಡಿದರು. ಟೀಚರ್ ಬರೆದ ಒಂದೆರಡು ಕಡೆ, ಇದು ಇನ್ನೂ ಸುಲಭ ಮಾಡಬಹುದು ಎಂದೂ ಬರೆದರು. ನನಗೆ ಖುಷಿಯೇ ಆಯಿತು.

ಪಿಳ್ಳಪ್ಪನವರು ನಿವೃತ್ತರಾಗುವ ವಾರ ನನ್ನನ್ನು ತಮ್ಮ ಕೋಣೆಗೆ ತರಿಸಿಕೊಂಡರು. ಎರಡು ದಿನ ಕೂತು ಮೊದಲಿನಿಂದ ಕೊನೆಯವರೆಗೆ ಓದಿದರು. ತಾವು ಹೆದರಿ ಸಹಿ ಹಾಕದೆ ಬಿಟ್ಟಿದ್ದ ಪ್ರತಿ ಪುಟಕ್ಕೂ ಹಸಿರು ಶಾಯಿಯಲ್ಲಿ ಸಹಿ ಹಾಕಿ, ಅವತ್ತಿನ ತಾರೀಖನ್ನೇ ಬರೆದರು. ಹಿಂದಿನ ತಾರೀಖು ಹಾಕಿ ತಪ್ಪಿಸಿಕೊಳ್ಳಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಹೊಲಿಗೆ ಸಡಿಲವಾಗಿದೆ, ಅಕ್ಕಪಕ್ಕದ ಶಾಲೆಯವರು ಜೆರಾಕ್ಸ್ ಮಾಡಿಸಿ ಮಾಡಿಸಿ ಬೆನ್ನು ಮುರಿದಿದೆ. ವಿಜ್ಞಾನದ ಕಪಾಟಿನ ಮೂಲೆಯಲ್ಲಿ ಇರುತ್ತೇನೆ. ನನಗೆ ಇಂಗ್ಲಿಷಿನ ಮೇಲೆ ಜಗಳವಿಲ್ಲ. ನನ್ನ ಅರ್ಧ ಮೈ ಇಂಗ್ಲಿಷೇ. ಮಗುವಿನ ಬಾಯಿ ಕಟ್ಟಿ ಅದಕ್ಕೆ ಇಂಗ್ಲಿಷ್ ಕಲಿಸುತ್ತೇವೆ ಎನ್ನುವವರ ಮೇಲೆ ಮಾತ್ರ ಇದೆ, ಇರುತ್ತದೆ. ಹಳೆಯ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಬೇಕೆಂದು ಮೊನ್ನೆ ಸುತ್ತೋಲೆ ಬಂದಿದೆಯಂತೆ. ಬರಲಿ. ಹಾಕುವವರು ಮೊದಲು ಬಿಚ್ಚಿ ಓದಲಿ, ಆಮೇಲೆ ಹಾಕಲಿ.